ಗೂಗಲ್ ಸ್ಕಾಲರ್ ಪ್ರೊಫೈಲ್: ಜವಳಿ ಮತ್ತು ಜೈವಿಕ ವಸ್ತುಗಳ ಸಂಶೋಧಕರನ್ನು ಅರಿಯಲು ಎಷ್ಟು ಉಪಯುಕ್ತ?

ಜವಳಿ ತಂತ್ರಜ್ಞಾನ ಮತ್ತು ಜೈವಿಕ ವಸ್ತುಗಳ (ಬಯೋಮೆಟೀರಿಯಲ್ಸ್, ಅಂದರೆ ಚಿಕಿತ್ಸೆಗಾಗಿ ದೇಹದ ಮೇಲೆ ಅಥವಾ ಒಳಗೆ ಬಳಸುವ ವಸ್ತುಗಳ) ಕ್ಷೇತ್ರದಲ್ಲಿ ಕೆಲಸ ಮಾಡುವ ಒಬ್ಬ ಸಂಶೋಧಕರು ಇದುವರೆಗೆ ಏನು ಬರೆದಿದ್ದಾರೆ, ಅದನ್ನು ಯಾರು ಓದಿ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆ ಎಂದು ತಿಳಿಯಬೇಕಾದ ಸಂದರ್ಭ ಈಗ ಹಲವರಿಗೆ ಬರುತ್ತದೆ. ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿ, ನೇಮಕಾತಿ ಸಮಿತಿಯಲ್ಲಿ ಕೂರುವ ಪ್ರಾಧ್ಯಾಪಕರು, ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿ ತಯಾರಿಸಲು ಹೊರಟು ಸಲಹೆಗಾರರನ್ನು ಅರಸುತ್ತಿರುವ ಸಣ್ಣ ಕಂಪನಿ, ಇವರೆಲ್ಲರೂ ಸಾಮಾನ್ಯವಾಗಿ ಮೊದಲು ತೆರೆಯುವುದು, ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಆ ಸಂಶೋಧಕರ ಹೆಸರಿನಲ್ಲಿರುವ ಪ್ರೊಫೈಲ್ ಪುಟವನ್ನು. ಆ ಸೇವೆಯನ್ನು ಈ ಒಂದು ಕ್ಷೇತ್ರದ ದೃಷ್ಟಿಯಿಂದ ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಬ್ಬರ ಬರಹಗಳನ್ನು ಹುಡುಕಿ ತೆಗೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಉಚಿತ ಸೇವೆ ನನಗೆ ಗೊತ್ತಿಲ್ಲ, ಆದರೆ ಪುಟದ ಬಲಮೂಲೆಯ ಅಂಕಿಗಳನ್ನು ನೋಡಿ ಇಬ್ಬರಲ್ಲಿ ಯಾರು ಮೇಲು ಎಂದು ನಿರ್ಧರಿಸಲು ಇದನ್ನು ಬಳಸಬಾರದು. ಜವಳಿಯಂಥ ಸಣ್ಣ ಕ್ಷೇತ್ರವೂ ಜೈವಿಕ ವಸ್ತುಗಳಂಥ ದೊಡ್ಡ ಕ್ಷೇತ್ರವೂ ಒಂದೇ ಹೆಸರಿನಡಿ ಸೇರಿಕೊಂಡಿರುವಾಗಲಂತೂ ಖಂಡಿತ ಬಳಸಬಾರದು.

ಗೂಗಲ್ ಸ್ಕಾಲರ್ ಆರಂಭವಾದದ್ದು 2004ರ ನವೆಂಬರ್‌ನಲ್ಲಿ. ಅದನ್ನು ಕಟ್ಟಿದ ಇಬ್ಬರು ಇಂಜಿನಿಯರ್‌ಗಳಲ್ಲಿ ಅನುರಾಗ್ ಆಚಾರ್ಯ ಖರಗ್‌ಪುರದ ಐಐಟಿಯಲ್ಲಿ ಓದಿದವರು; ಇನ್ನೊಬ್ಬರು ಅಲೆಕ್ಸ್ ವರ್ಸ್ಟಾಕ್. ಸಂಶೋಧಕರು ತಮ್ಮ ಹೆಸರಿನಲ್ಲಿ ಪುಟ ತೆರೆಯುವ ಸೌಲಭ್ಯ 2011ರಲ್ಲಿ ಬಂತು. ಶುಲ್ಕವಿಲ್ಲ, ಪುಟದಲ್ಲಿ ಜಾಹೀರಾತುಗಳಿಲ್ಲ, ನೋಡುವವರು ಲಾಗಿನ್ ಆಗಬೇಕಾಗಿಲ್ಲ. ಪುಟದ ಎಡಭಾಗದಲ್ಲಿ ಪ್ರಬಂಧಗಳ ಪಟ್ಟಿ, ಪ್ರತಿಯೊಂದರ ಮುಂದೆ ಅದಕ್ಕೆ ಬಂದಿರುವ ಉಲ್ಲೇಖಗಳ ಸಂಖ್ಯೆ ಮತ್ತು ಪ್ರಕಟವಾದ ವರ್ಷ. ಬಲಭಾಗದಲ್ಲಿ ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಐ10-ಇಂಡೆಕ್ಸ್ ಎಂಬ ಮೂರು ಸಾಲುಗಳ ಸಣ್ಣ ಕೋಷ್ಟಕ, ಅದರ ಕೆಳಗೆ ವರ್ಷವಾರು ಉಲ್ಲೇಖಗಳ ಕಂಬ ನಕ್ಷೆ, ಇನ್ನೂ ಕೆಳಗೆ ಸಹಲೇಖಕರ ಹೆಸರುಗಳು. ನಿಧಾನವಾದ ಇಂಟರ್‌ನೆಟ್ ಸಂಪರ್ಕದಲ್ಲೂ, ಹಳೆಯ ಮೊಬೈಲಿನಲ್ಲೂ ತೊಂದರೆಯಿಲ್ಲದೆ ತೆರೆದುಕೊಳ್ಳುವಷ್ಟು ಹಗುರವಾದ ಪುಟ ಇದು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದು ಸಣ್ಣ ಅನುಕೂಲವೇನಲ್ಲ.

ಈ ಸೇವೆಯ ನಿಜವಾದ ಬಲ ಅದರ ವ್ಯಾಪ್ತಿ. 2006ರಲ್ಲಿ ಪ್ರಕಟವಾಗಿ ಬಹಳವಾಗಿ ಉಲ್ಲೇಖಗೊಂಡ 2,515 ಇಂಗ್ಲಿಷ್ ಬರಹಗಳಿಗೆ ಬಂದ ಮೂವತ್ತು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳನ್ನು ಹಲವು ಸೇವೆಗಳಲ್ಲಿ ಹೋಲಿಸಿ ನೋಡಿದ, 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೂಗಲ್ ಸ್ಕಾಲರ್ ಶೇ. 88ರಷ್ಟನ್ನು ಗುರುತಿಸಿತ್ತು, ಚಂದಾ ಕಟ್ಟಿ ಬಳಸುವ ದತ್ತಾಂಶ ಸೇವೆಗಳಾದ ಸ್ಕೋಪಸ್ ಶೇ. 57, ವೆಬ್ ಆಫ್ ಸೈನ್ಸ್ ಶೇ. 52 ಮಾತ್ರ. ಜವಳಿ ಕ್ಷೇತ್ರಕ್ಕೆ ಈ ವ್ಯತ್ಯಾಸ ಬಹಳ ಮುಖ್ಯವಾದದ್ದು, ಏಕೆಂದರೆ ಈ ಕ್ಷೇತ್ರದ ಜ್ಞಾನ ಒಂದೇ ಕಡೆ ಶೇಖರವಾಗಿಲ್ಲ. ಕರ್ನಾಟಕವನ್ನೇ ತೆಗೆದುಕೊಂಡರೆ, ಬೆಂಗಳೂರಿನ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ನೂಲು ಬಿಚ್ಚಾಣಿಕೆ ಮತ್ತು ಸಂಸ್ಕರಣೆಯ ಕೆಲಸ ನಡೆಯುತ್ತದೆ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಹುಳು ಮತ್ತು ಹಿಪ್ಪುನೇರಳೆಯ ಕೆಲಸ, ದಾವಣಗೆರೆಯ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜವಳಿ ಇಂಜಿನಿಯರಿಂಗ್, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಟ್ಟೆ ಮತ್ತು ಉಡುಪಿನ ವಿಭಾಗ. ಇವರಲ್ಲಿ ಒಬ್ಬೊಬ್ಬರು ಪ್ರಕಟಿಸುವ ಜಾಗ ಒಂದೊಂದು. ಮ್ಯಾಂಚೆಸ್ಟರಿನ ಟೆಕ್ಸ್‌ಟೈಲ್ ಇನ್‌ಸ್ಟಿಟ್ಯೂಟ್ 1910ರಿಂದ ಹೊರತರುತ್ತಿರುವ ಜರ್ನಲ್, ದೆಹಲಿಯಿಂದ 1976ರಲ್ಲಿ ಆರಂಭವಾದ ಇಂಡಿಯನ್ ಜರ್ನಲ್ ಆಫ್ ಫೈಬರ್ ಅಂಡ್ ಟೆಕ್ಸ್‌ಟೈಲ್ ರಿಸರ್ಚ್, ಧಾರವಾಡದ್ದೇ ಆದ ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್, ವಿಚಾರ ಸಂಕಿರಣಗಳ ಸಂಪುಟಗಳು, ಶೋಧಗಂಗಾ ಮತ್ತು ಕೃಷಿಕೋಶ ಎಂಬ ಆನ್‌ಲೈನ್ ಭಂಡಾರಗಳಲ್ಲಿ ಇಟ್ಟಿರುವ ಮಹಾಪ್ರಬಂಧಗಳು. ದುಬಾರಿ ಚಂದಾದ ದತ್ತಾಂಶ ಸೇವೆಗಳು ತಮಗೆ ಬೇಕಾದ ಜರ್ನಲ್‌ಗಳನ್ನು ಆರಿಸಿಕೊಂಡು ಉಳಿದವನ್ನು ಹೊರಗಿಡುತ್ತವೆ. ಸ್ಕಾಲರ್ ವಿದ್ವತ್ ಬರಹದಂತೆ ಕಂಡದ್ದನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತದೆ. ಸಹಜ ಬಣ್ಣಗಳ ಬಗ್ಗೆ ಬರೆದ ಒಂದು ಪ್ರಬಂಧವನ್ನು ಇನ್ನೊಂದು ರಾಜ್ಯದ ಗೃಹವಿಜ್ಞಾನ ಕಾಲೇಜಿನ ವಿದ್ಯಾರ್ಥಿನಿಯೊಬ್ಬರು ತಮ್ಮ ಮಹಾಪ್ರಬಂಧದಲ್ಲಿ ಬಳಸಿಕೊಂಡಿರುವುದು ಕಣ್ಣಿಗೆ ಬೀಳುವುದು ಇಂಥ ಉದಾರ ವ್ಯಾಪ್ತಿಯಿಂದಲೇ. ಆ ವಿದ್ಯಾರ್ಥಿನಿ ನಿಜವಾದ ಓದುಗರು. ಅವರ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೇವೆಯ ಬಗ್ಗೆ ನನಗೆ ಗೌರವವಿದೆ.

ಇನ್ನು ಬಲಮೂಲೆಯ ಕೋಷ್ಟಕ. ಎಚ್-ಇಂಡೆಕ್ಸ್ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದರು: ಒಬ್ಬರ ಪ್ರಬಂಧಗಳಲ್ಲಿ ಇಪ್ಪತ್ತಕ್ಕೆ ತಲಾ ಕನಿಷ್ಠ ಇಪ್ಪತ್ತು ಉಲ್ಲೇಖಗಳು ಬಂದಿದ್ದು, ಇಪ್ಪತ್ತೊಂದಕ್ಕೆ ತಲಾ ಇಪ್ಪತ್ತೊಂದು ಬಂದಿಲ್ಲವಾದರೆ ಅವರ ಎಚ್-ಇಂಡೆಕ್ಸ್ 20. ಐ10 ಎಂದರೆ ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ. ಇದು ಗೂಗಲ್‌ನದೇ ಅಳತೆ. ಈ ಮೂರು ಅಂಕಿಗಳನ್ನು ಎರಡು ಕಂಬಸಾಲುಗಳಲ್ಲಿ ಕೊಟ್ಟಿರುತ್ತಾರೆ, ಒಂದು ಒಟ್ಟಾರೆಯದು, ಇನ್ನೊಂದು ಕಳೆದ ಐದು ವರ್ಷಗಳದ್ದು. ಎರಡನೆಯದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಕಳೆದ ಐದು ವರ್ಷಗಳಲ್ಲಿ ಪ್ರಕಟವಾದ ಪ್ರಬಂಧಗಳ ಲೆಕ್ಕವಲ್ಲ. ಎಷ್ಟೇ ಹಳೆಯ ಪ್ರಬಂಧವಾಗಿರಲಿ, ಅದಕ್ಕೆ ಈ ಐದು ವರ್ಷಗಳಲ್ಲಿ ಬಂದ ಉಲ್ಲೇಖಗಳ ಲೆಕ್ಕ. ಹೀಗಾಗಿ ಹದಿನೈದು ವರ್ಷಗಳ ಹಿಂದೆ ಒಂದೆರಡು ಒಳ್ಳೆಯ ಪ್ರಬಂಧಗಳನ್ನು ಬರೆದು, ಆಮೇಲೆ ಆಡಳಿತದ ಹುದ್ದೆಗೆ ಹೋಗಿ ಪ್ರಯೋಗಾಲಯದ ಬಾಗಿಲು ಮುಚ್ಚಿದವರ ಎರಡನೆಯ ಕಂಬಸಾಲೂ ತುಂಬಿಕೊಂಡೇ ಕಾಣುತ್ತದೆ. ವಿದ್ಯಾರ್ಥಿ ತಿಳಿಯಬೇಕಾದದ್ದು ಈ ಮಾರ್ಗದರ್ಶಕರು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು. ಅದಕ್ಕೆ ಪಟ್ಟಿಯ ಮೇಲಿರುವ ‘ಇಯರ್’ ಎಂಬುದನ್ನು ಒತ್ತಿ ವರ್ಷದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಪುಟ ತೆರೆದಾಗ ಪಟ್ಟಿ ಉಲ್ಲೇಖಗಳ ಕ್ರಮದಲ್ಲೇ ಇರುತ್ತದೆ, ಹೊಸ ಕೆಲಸವೆಲ್ಲ ತಳದಲ್ಲಿ ಹುದುಗಿರುತ್ತದೆ. ಈ ಒಂದು ಸಣ್ಣ ವಿನ್ಯಾಸದ ಆಯ್ಕೆಯನ್ನು ಗೂಗಲ್ ಬದಲಾಯಿಸಿದರೂ ಎಷ್ಟೋ ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತದೆ.

ಜವಳಿ ಮತ್ತು ಜೈವಿಕ ವಸ್ತು ಎಂಬ ಎರಡು ಲೋಕಗಳ ಅಂತರವೇ ಈ ವಿಮರ್ಶೆಯ ಮುಖ್ಯ ವಿಷಯ. ಒಂದು ರೇಷ್ಮೆಗೂಡನ್ನು ಗಮನಿಸೋಣ. ಅದರ ಎಳೆಯಲ್ಲಿ ಸುಮಾರು ಶೇ. 70ರಿಂದ 80ರಷ್ಟು ಫೈಬ್ರೋಯಿನ್ ಎಂಬ ಪ್ರೋಟೀನ್, ಉಳಿದದ್ದರಲ್ಲಿ ಬಹುಪಾಲು ಸೆರಿಸಿನ್ ಎಂಬ ಅಂಟು. ಜವಳಿ ರಸಾಯನಜ್ಞರು ಆ ಅಂಟನ್ನು ತೆಗೆಯುವುದು ಬಟ್ಟೆ ಮೃದುವಾಗಲಿ, ಹೊಳಪು ಬರಲಿ, ಬಣ್ಣ ಸಮನಾಗಿ ಹಿಡಿಯಲಿ ಎಂದು. ಜೈವಿಕ ವಸ್ತುಗಳ ಸಂಶೋಧಕರು ಅದೇ ಅಂಟನ್ನು ತೆಗೆಯುವುದು ಫೈಬ್ರೋಯಿನ್‌ನಿಂದ ತಯಾರಿಸಿದ ಪೊರೆ ಅಥವಾ ಸ್ಪಂಜು ದೇಹದೊಳಗೆ ಹೋದಾಗ ಪ್ರತಿರೋಧ ಉಂಟಾಗದಿರಲಿ ಎಂದು. ಒಂದು ಕಡೆ ಸೋಪು ಮತ್ತು ಸೋಡಾದ ದ್ರಾವಣ. ಇನ್ನೊಂದು ಕಡೆ 0.02 ಮೋಲಾರ್ ಸೋಡಿಯಂ ಕಾರ್ಬೊನೇಟ್‌ನಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು ಒಣಗಿಸಿ, 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಕರಗಿಸಿ, ಆಮೇಲೆ ಡಯಾಲಿಸಿಸ್ ಮೂಲಕ ಲವಣವನ್ನು ಹೊರತೆಗೆಯುವ ವಿಧಾನ. ಪಾತ್ರೆಯಲ್ಲಿ ಕುದಿಯುತ್ತಿರುವುದು ಎರಡು ಕಡೆಯೂ ಅದೇ ರೇಷ್ಮೆ. ಎಷ್ಟು ಹೊತ್ತು ಕುದಿಸಿದರೆ ಎಳೆಯ ಬಲ ಎಷ್ಟು ಕುಗ್ಗುತ್ತದೆ ಎಂಬ ಪ್ರಶ್ನೆಗೆ ಜವಳಿಯವರು ದಶಕಗಳ ಕಾಲ ಉತ್ತರ ಹುಡುಕಿದ್ದಾರೆ. ಹೆಚ್ಚು ಕುದಿಸಿದರೆ ಫೈಬ್ರೋಯಿನ್‌ನ ಸರಪಳಿಗಳು ತುಂಡಾಗುತ್ತವೆ ಎಂಬುದು ಜೈವಿಕ ವಸ್ತುಗಳವರಿಗೂ ಅಷ್ಟೇ ಮುಖ್ಯ.

ಆದರೆ ಉಲ್ಲೇಖಗಳ ಲೋಕದಲ್ಲಿ ಇವೆರಡರ ಭಾಗ್ಯ ಬೇರೆ ಬೇರೆ. ಮೇಲೆ ಹೇಳಿದ ಫೈಬ್ರೋಯಿನ್ ವಿಧಾನವನ್ನು ವಿವರವಾಗಿ ಬರೆದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಅವರ ಗುಂಪು 2011ರಲ್ಲಿ ನೇಚರ್ ಪ್ರೋಟೋಕಾಲ್ಸ್‌ನಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸಾವಿರಗಟ್ಟಲೆ ಪ್ರಬಂಧಗಳು ಉಲ್ಲೇಖಿಸಿವೆ. ಅದೇ ಗುಂಪು 2003ರಲ್ಲಿ ಬಯೋಮೆಟೀರಿಯಲ್ಸ್ ಜರ್ನಲ್‌ನಲ್ಲಿ ರೇಷ್ಮೆಯ ಜೈವಿಕ ವಸ್ತುಗಳ ಕುರಿತು ಬರೆದ ಸಮೀಕ್ಷಾ ಪ್ರಬಂಧದ್ದೂ ಅದೇ ಕಥೆ. ಅವು ಆ ಗೌರವಕ್ಕೆ ಪೂರ್ತಿ ಅರ್ಹವಾದ ಬರಹಗಳು. ಯಾವ ಪ್ರಯೋಗಾಲಯದವರಾದರೂ ಓದಿ ಅದೇ ಹೆಜ್ಜೆಗಳನ್ನು ಅನುಸರಿಸಬಹುದಾದಷ್ಟು ಸ್ಪಷ್ಟವಾಗಿ ಬರೆದವು. ಜೈವಿಕ ವಸ್ತುಗಳ ಕ್ಷೇತ್ರದಲ್ಲಿ ವೈದ್ಯರು, ಕೋಶವಿಜ್ಞಾನಿಗಳು, ರಸಾಯನಜ್ಞರು, ಔಷಧ ವಿಜ್ಞಾನಿಗಳು ಎಲ್ಲರೂ ಸೇರಿದ್ದಾರೆ, ಒಂದೊಂದು ಪ್ರಬಂಧದ ಕೊನೆಯಲ್ಲಿ ಅರವತ್ತು ಎಪ್ಪತ್ತು ಉಲ್ಲೇಖಗಳಿರುವುದು ಸಾಮಾನ್ಯ. ಜವಳಿಯವರ ಸಂಖ್ಯೆ ಕಡಿಮೆ, ಅವರ ಪ್ರಬಂಧಗಳ ಉಲ್ಲೇಖ ಪಟ್ಟಿಯೂ ಚಿಕ್ಕದು. ನೂಲಿನ ಸಮತೆ, ಮಗ್ಗದ ಮೇಲಿನ ಎಳೆತ, ಬಣ್ಣ ತೊಳೆದಾಗ ಉಳಿಯುವ ಪ್ರಮಾಣ ಇಂಥ ವಿಷಯಗಳ ಬಗ್ಗೆ ಬರೆದ ಪ್ರಬಂಧಗಳನ್ನು ಓದುವವರಲ್ಲಿ ಅನೇಕರು ಗಿರಣಿಗಳಲ್ಲಿ ಕೆಲಸ ಮಾಡುವವರು. ಅವರು ಓದಿದ್ದನ್ನು ಯಂತ್ರದ ಮೇಲೆ ಪ್ರಯೋಗಿಸುತ್ತಾರೆ, ಪ್ರಬಂಧ ಬರೆಯುವುದಿಲ್ಲ. ಗೂಡಿನಿಂದ ನೂಲು ಬಿಚ್ಚುವ ರಾಮನಗರದ ರೀಲರ್ ಒಬ್ಬರು ಗೂಡು ಬೇಯಿಸುವ ನೀರನ್ನು ಸಂಶೋಧಕರ ಸಲಹೆಯಂತೆ ಬದಲಾಯಿಸಿ, ಎಳೆ ಕಡಿಯುವುದು ಕಡಿಮೆಯಾಗಿ ನಾಲ್ಕು ಕಾಸು ಹೆಚ್ಚು ಕಂಡರೆ, ಆ ಸಂಶೋಧಕರ ಸ್ಕಾಲರ್ ಪುಟದಲ್ಲಿ ಒಂದು ಅಂಕಿಯೂ ಏರುವುದಿಲ್ಲ. ರೈತರಿಗೂ ರೀಲರ್‌ಗಳಿಗೂ ಕನ್ನಡದಲ್ಲಿ ಬರೆದುಕೊಟ್ಟ ಕೈಪಿಡಿಗಳ ಗತಿಯೂ ಹೆಚ್ಚುಕಡಿಮೆ ಇದೇ.

ಇದರ ಪರಿಣಾಮವನ್ನು ಒಂದೇ ವ್ಯಕ್ತಿಯ ಪುಟದಲ್ಲೂ ಕಾಣಬಹುದು. ವೃತ್ತಿಯ ಮೊದಲ ಭಾಗದಲ್ಲಿ ನೂಲು, ನೇಯ್ಗೆ, ಸಂಸ್ಕರಣೆಯ ಬಗ್ಗೆ ಬರೆದು, ನಂತರ ಗಾಯದ ಪಟ್ಟಿ, ಹೊಲಿಗೆ ದಾರ, ಅಂಗಾಂಶಗಳನ್ನು ಬೆಳೆಸುವ ಚೌಕಟ್ಟುಗಳತ್ತ ಬಂದವರ ಪಟ್ಟಿಯಲ್ಲಿ ಮೇಲಿನ ಹತ್ತು ಸ್ಥಾನಗಳನ್ನೂ ಬಹುಮಟ್ಟಿಗೆ ಎರಡನೆಯ ಭಾಗದ ಬರಹಗಳೇ ಹಿಡಿದಿರುತ್ತವೆ, ಅವುಗಳಲ್ಲೂ ಸಮೀಕ್ಷಾ ಪ್ರಬಂಧಗಳೇ ಹೆಚ್ಚು. ಇದನ್ನು ನೋಡಿದ ಹೊರಗಿನವರಿಗೆ ಆ ವ್ಯಕ್ತಿಯ ಮೊದಲ ಹದಿನೈದು ವರ್ಷಗಳು ಬರಡಾಗಿ ಕಾಣುತ್ತವೆ. ವಾಸ್ತವವಾಗಿ ನಂತರದ ಕೆಲಸದಲ್ಲಿ ಅವರಿಗೆ ಇತರರಿಗಿಂತ ಹೆಚ್ಚಿನ ಹಿಡಿತ ಬಂದದ್ದು, ಎಳೆಯನ್ನು ಎಳೆಯಾಗಿ ಅರಿತ ಆ ವರ್ಷಗಳಿಂದಲೇ ಇರಬಹುದು. ಟಸ್ಸಾರ್, ಮೂಗಾದಂಥ ಕಾಡು ರೇಷ್ಮೆಗಳ ಫೈಬ್ರೋಯಿನ್ ಬಗ್ಗೆ ಖರಗ್‌ಪುರದ ಐಐಟಿಯಲ್ಲಿ ಸುಭಾಸ್ ಕುಂಡು ಅವರ ಗುಂಪು ಮಾಡಿದ ಕೆಲಸ ಜಗತ್ತಿನ ಗಮನ ಸೆಳೆಯಿತು. ಆ ರೇಷ್ಮೆಗಳಿಗೆ ಜೀವಕೋಶಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ ಎಂಬುದು ಅದರ ಹಿಂದಿನ ಒಂದು ಕಾರಣ. ಭಾರತದಲ್ಲಿ ಕುಳಿತು ನಮ್ಮದೇ ಕಚ್ಚಾವಸ್ತುವಿನ ಮೇಲೆ ಮಾಡಿದ ಕೆಲಸಕ್ಕೂ ಉಲ್ಲೇಖಗಳು ಬರುತ್ತವೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಉಲ್ಲೇಖಗಳು ಬಂದದ್ದು ಜೈವಿಕ ವಸ್ತುಗಳ ಜರ್ನಲ್‌ಗಳಿಂದ ಎಂಬುದನ್ನೂ ಮರೆಯಬಾರದು.

ಅಂಕಿಗಳ ಈ ಅಂತರ ನೇರವಾಗಿ ಬಡ್ತಿಯ ಅಂಕಗಳಾಗಿ ಬದಲಾಗುತ್ತದೆ ಎಂಬುದರಿಂದಲೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆ ಇರುವ ಜರ್ನಲ್‌ನ ಪ್ರಬಂಧಕ್ಕೆ ಹೆಚ್ಚುವರಿಯಾಗಿ 10 ಅಂಕ, ಹತ್ತಕ್ಕಿಂತ ಹೆಚ್ಚಿರುವ ಜರ್ನಲ್‌ನದಕ್ಕೆ 30 ಅಂಕ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೂ ಮೂಲದಲ್ಲಿ ಉಲ್ಲೇಖಗಳ ಸರಾಸರಿಯೇ. ಸಂಶೋಧನೆಯನ್ನು ಅದು ಪ್ರಕಟವಾದ ಜರ್ನಲ್‌ನ ಅಂಕಿಯಿಂದ ಅಳೆಯಬಾರದು ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ರೂಪುಗೊಂಡ ಘೋಷಣೆ ಸ್ಪಷ್ಟವಾಗಿ ಹೇಳಿದೆ. ನಮ್ಮ ಸಮಿತಿಗಳ ಮೇಜಿನ ಮೇಲೆ ಮಾತ್ರ ಇನ್ನೂ ಸಂಖ್ಯೆಗಳೇ ಮೊದಲು ಬಂದು ಕೂರುತ್ತವೆ.

ಲೇಖಕರ ಸ್ಥಾನದ ವಿಷಯಕ್ಕೆ ಬಂದರೆ, ಎಂಟು ಹತ್ತು ಜನ ಸೇರಿ ಬರೆದ ಪ್ರಬಂಧಕ್ಕೆ ಇನ್ನೂರು ಉಲ್ಲೇಖಗಳು ಬಂದರೆ ಸ್ಕಾಲರ್ ಅಷ್ಟೂ ಜನರ ಖಾತೆಗೆ ತಲಾ ಇನ್ನೂರನ್ನು ಸೇರಿಸುತ್ತದೆ. ಪ್ರಯೋಗ ನಡೆಸಿದವರಿಗೂ, ಒಂದು ಮಾದರಿಯ ಎಳೆತದ ಬಲವನ್ನು ಅಳೆದುಕೊಟ್ಟವರಿಗೂ ಸಮಪಾಲು. ಪಟ್ಟಿಯಲ್ಲಿ ಹೆಸರುಗಳು ಹೆಚ್ಚಾದಾಗ ಕೊನೆಯವನ್ನು ಮೂರು ಚುಕ್ಕಿಗಳಿಂದ ಮೊಟಕುಗೊಳಿಸುವುದರಿಂದ, ಪ್ರಬಂಧದ ಶೀರ್ಷಿಕೆಯನ್ನು ಒತ್ತಿ ಒಳಗೆ ಹೋಗದ ಹೊರತು ನಾವು ನೋಡುತ್ತಿರುವ ವ್ಯಕ್ತಿ ಎಷ್ಟನೆಯ ಲೇಖಕರು ಎಂಬುದೇ ತಿಳಿಯುವುದಿಲ್ಲ.

ಹೆಸರುಗಳ ತೊಡಕು ಕನ್ನಡಿಗರಿಗೆ ವಿಶೇಷವಾಗಿ ಕಾಡುವಂಥದ್ದು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮ್ಮ ಪದ್ಧತಿ, ಕುಟುಂಬದ ಹೆಸರು ಕೊನೆಗೆ ಬರಲೇಬೇಕೆನ್ನುವ ಜರ್ನಲ್‌ಗಳ ಅರ್ಜಿ ನಮೂನೆಗೆ ಹೊಂದುವುದಿಲ್ಲ. ಕೆ. ಎಸ್. ಮಂಜುನಾಥ ಎಂಬವರಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಪ್ರಬಂಧದಲ್ಲಿ ಅವರು ಮಂಜುನಾಥ ಕೆ. ಎಸ್., ಇನ್ನೊಂದರಲ್ಲಿ ಕೆ. ಮಂಜುನಾಥ್, ಮತ್ತೊಂದರಲ್ಲಿ ತಂದೆಯ ಹೆಸರನ್ನು ಬಿಡಿಸಿ ಬರೆದು ಮಂಜುನಾಥ್ ಶಿವಪ್ಪ ಆಗಿರುತ್ತಾರೆ. ಮದುವೆಯ ನಂತರ ಇನಿಷಿಯಲ್ ಬದಲಾದ ಮಹಿಳೆಯರ ಮೊದಲ ವರ್ಷಗಳ ಬರಹಗಳು ಬೇರೆಯವರದೆಂಬಂತೆ ಉಳಿದುಬಿಡುತ್ತವೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಹೊಸ ಪ್ರಬಂಧಗಳನ್ನು ತಾನಾಗಿ ಸೇರಿಸುವ ಆಯ್ಕೆಯನ್ನು ಇಟ್ಟುಕೊಂಡವರ ಪುಟಕ್ಕೆ ಅದೇ ಹೆಸರಿನ ಬೇರೆಯವರ ಬರಹಗಳು ಬಂದು ಸೇರುತ್ತವೆ. ಜವಳಿ ಕಲಿಸುವವರ ಪಟ್ಟಿಯಲ್ಲಿ ಹೃದ್ರೋಗದ ಪ್ರಬಂಧವನ್ನು ನಾನು ಕಂಡಿದ್ದೇನೆ. ಅದನ್ನು ಮೋಸವೆಂದು ಭಾವಿಸಬೇಕಾಗಿಲ್ಲ, ಹೆಚ್ಚಿನ ಸಲ ಪುಟದ ಒಡೆಯರು ವರ್ಷಗಟ್ಟಲೆ ತೆರೆದೇ ನೋಡಿರುವುದಿಲ್ಲ. ಪುಟ ಇರುವ ಎಲ್ಲ ಅಧ್ಯಾಪಕರಿಗೂ ನನ್ನ ವಿನಂತಿಯೆಂದರೆ, ಬದಲಾವಣೆಗಳನ್ನು ಮೊದಲು ಇಮೇಲ್‌ಗೆ ಕಳುಹಿಸಿ ಒಪ್ಪಿಗೆ ಕೇಳುವ ಆಯ್ಕೆಯನ್ನು ಇಟ್ಟುಕೊಳ್ಳಿ, ಮತ್ತು ಹದಿನಾರು ಅಂಕಿಗಳ ಓರ್ಕಿಡ್ ಸಂಖ್ಯೆಯೊಂದನ್ನು ಉಚಿತವಾಗಿ ಪಡೆದು ಪ್ರತಿ ಪ್ರಬಂಧದ ಜೊತೆ ಕೊಡಿ. 2012ರಿಂದ ಇರುವ ಆ ವ್ಯವಸ್ಥೆಯಲ್ಲಿ ಹೆಸರು ಹೇಗೆ ಬರೆದರೂ ಸಂಖ್ಯೆ ಒಂದೇ ಇರುತ್ತದೆ. ಪಟ್ಟಿಯಲ್ಲಿ ಉಲ್ಲೇಖಗಳ ಸಂಖ್ಯೆಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಕಂಡರೆ, ಎಣಿಕೆಯಲ್ಲಿ ಬೇರೆ ಬರಹದ ಉಲ್ಲೇಖಗಳೂ ಸೇರಿರಬಹುದು ಎಂದು ಸ್ಕಾಲರ್ ತಾನೇ ಎಚ್ಚರಿಸುತ್ತಿದೆ ಎಂದು ತಿಳಿಯಬೇಕು.

ಉದಾರವಾಗಿ ಒಳಗೆ ಬಿಟ್ಟುಕೊಳ್ಳುವ ಸೇವೆಯನ್ನು ವಂಚಿಸುವುದೂ ಸುಲಭ. ಫ್ರಾನ್ಸಿನ ಗ್ರೆನೋಬಲ್‌ನ ಸಿರಿಲ್ ಲಾಬೆ 2010ರಲ್ಲಿ, ಕಂಪ್ಯೂಟರ್ ತಾನೇ ರಚಿಸಿದ ಅರ್ಥಹೀನ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಐಕ್ ಆಂಟ್‌ಕೇರ್ ಎಂಬ ಇಲ್ಲದ ಲೇಖಕನಿಗೆ 94ರ ಎಚ್-ಇಂಡೆಕ್ಸ್ ದೊರಕಿಸಿ ತೋರಿಸಿದರು. ಸ್ಪೇನಿನ ಗ್ರನಾಡಾದ ಸಂಶೋಧಕರು 2012ರಲ್ಲಿ ಆರು ಸುಳ್ಳು ದಾಖಲೆಗಳನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಟ್ಟು, ತಮ್ಮ ಗುಂಪಿನ 129 ಪ್ರಬಂಧಗಳಿಗೆ 774 ಉಲ್ಲೇಖಗಳು ಏರುವಂತೆ ಮಾಡಿದರು. ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಕಲ್ಪಿತ ವಿಜ್ಞಾನಿಯೊಬ್ಬರ ಹೆಸರಿಗೆ 50 ಉಲ್ಲೇಖಗಳನ್ನು 300 ಡಾಲರ್‌ಗೆ ಕೊಂಡು, ಅಂಥ ಮಾರುಕಟ್ಟೆಯೇ ಇದೆ ಎಂಬುದನ್ನು ಬಯಲಿಗೆ ತಂದರು. ಇಷ್ಟಾದರೂ ಪ್ರೊಫೈಲ್ ಪುಟದಲ್ಲಿ ಸ್ವಂತ ಉಲ್ಲೇಖಗಳನ್ನು ಬಿಟ್ಟು ಎಣಿಸುವ ಸೌಲಭ್ಯವಿಲ್ಲ, ಹಿಂತೆಗೆದುಕೊಂಡ ಪ್ರಬಂಧವೊಂದರ ಉಲ್ಲೇಖಗಳೂ ಒಟ್ಟು ಲೆಕ್ಕದಲ್ಲಿ ಸೇರಿಕೊಂಡೇ ಇರುತ್ತವೆ. ಗೂಗಲ್‌ನಂಥ ಸಂಸ್ಥೆಗೆ ಇವೆರಡನ್ನು ಸರಿಪಡಿಸುವ ಸಾಮರ್ಥ್ಯವಿಲ್ಲ ಎಂದು ನಂಬುವುದು ಕಷ್ಟ.

ಪರ್ಯಾಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಿಂದ ಬೆಳೆದ ವೆಬ್ ಆಫ್ ಸೈನ್ಸ್ ಮತ್ತು ಎಲ್ಸೆವಿಯರ್ 2004ರಲ್ಲಿ ಆರಂಭಿಸಿದ ಸ್ಕೋಪಸ್ ಎರಡರಲ್ಲೂ ಸ್ವಂತ ಉಲ್ಲೇಖಗಳನ್ನು ಬೇರ್ಪಡಿಸಬಹುದು, ದಾಖಲೆಗಳು ಹೆಚ್ಚು ಶಿಸ್ತಿನಿಂದ ಇವೆ, ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೂ ಅವುಗಳ ದತ್ತಾಂಶವೇ ಬೇಕು. ಆದರೆ ಚಂದಾ ಕಟ್ಟದ ಕಾಲೇಜಿನವರಿಗೆ ಅವು ಪೂರ್ತಿಯಾಗಿ ತೆರೆದುಕೊಳ್ಳುವುದಿಲ್ಲ, ಭಾರತದ ಸಣ್ಣ ಜರ್ನಲ್‌ಗಳು ಅವುಗಳಲ್ಲಿ ವಿರಳ. ಸ್ಕಾಲರ್‌ನಲ್ಲಿ ಹುಡುಕಿದ ಪ್ರಬಂಧವನ್ನು ಓದುವುದು ಬೇರೆಯೇ ಸಮಸ್ಯೆ. 2025ರ ಜನವರಿ 1ರಿಂದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸಿಗತೊಡಗಿವೆ. ಖಾಸಗಿ ಕಾಲೇಜಿನವರು ಪ್ರಬಂಧದ ಶೀರ್ಷಿಕೆಯ ಬಲಗಡೆ ಪಿಡಿಎಫ್ ಕೊಂಡಿ ಇದೆಯೇ ಎಂದು ನೋಡಬೇಕು. ಲೇಖಕರೇ ಇಟ್ಟ ಉಚಿತ ಪ್ರತಿ ಅನೇಕ ಸಲ ಅಲ್ಲಿರುತ್ತದೆ.

ಹಾಗಾದರೆ ಈ ಪುಟವನ್ನು ಹೇಗೆ ಬಳಸಬೇಕು? ನಾನು ವಿದ್ಯಾರ್ಥಿಗಳಿಗೆ ಹೇಳುವುದು ಹೀಗೆ. ಮೊದಲು ವರ್ಷದ ಕ್ರಮದಲ್ಲಿ ಜೋಡಿಸಿ, ಕಳೆದ ನಾಲ್ಕೈದು ವರ್ಷಗಳ ಶೀರ್ಷಿಕೆಗಳನ್ನು ಓದಿ. ಒಂದೇ ಪ್ರಶ್ನೆಯನ್ನು ಹಿಡಿದು ಮುಂದೆ ಹೋಗುತ್ತಿದ್ದಾರೆಯೇ, ಅಥವಾ ಸಿಕ್ಕಿದ ಪಾಲಿಮರ್‌ಗೆ ಸಿಕ್ಕಿದ ಗಿಡದ ಸಾರವನ್ನು ಬೆರೆಸಿ ಬ್ಯಾಕ್ಟೀರಿಯಾ ನಿರೋಧಕ ಗುಣ ಪರೀಕ್ಷಿಸಿದ ಪ್ರಬಂಧಗಳೇ ಸಾಲಾಗಿವೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಆಮೇಲೆ ಅವರ ಮೂಲ ಸಂಶೋಧನೆಯ ಒಂದು ಪ್ರಬಂಧವನ್ನು ಆರಿಸಿ, ಅದರ ಮುಂದಿನ ಉಲ್ಲೇಖ ಸಂಖ್ಯೆಯನ್ನು ಒತ್ತಿ. ಉಲ್ಲೇಖಿಸಿದ ಬರಹಗಳೆಲ್ಲ ತೆರೆದುಕೊಳ್ಳುತ್ತವೆ, ಅವುಗಳೊಳಗೆ ಮಾತ್ರ ಹುಡುಕುವ ಸಣ್ಣ ಚೌಕವೂ ಮೇಲೆ ಇರುತ್ತದೆ. ಸೆರಿಸಿನ್ ತೆಗೆಯುವ ವಿಧಾನದ ಪ್ರಬಂಧವಾದರೆ, ಆ ಚೌಕವನ್ನು ಗುರುತುಮಾಡಿ ‘ಡೀಗಮಿಂಗ್’ ಎಂದು ಇಂಗ್ಲಿಷ್‌ನಲ್ಲಿ ಹುಡುಕಿ, ಸಿಕ್ಕಿದ ಮೂರು ನಾಲ್ಕು ಬರಹಗಳಲ್ಲಿ ಈ ಪ್ರಬಂಧದ ಹೆಸರು ಎಲ್ಲಿ ಬಂದಿದೆ ಎಂದು ನೋಡಿ. ಪೀಠಿಕೆಯಲ್ಲಿ, ‘ರೇಷ್ಮೆ ಒಂದು ಉತ್ತಮ ಜೈವಿಕ ವಸ್ತು’ ಎಂಬ ಒಂದು ವಾಕ್ಯದ ಕೊನೆಯಲ್ಲಿ, ಹನ್ನೆರಡು ಉಲ್ಲೇಖಗಳ ಗೊಂಚಲಿನಲ್ಲಿ ಒಂದಾಗಿ ಬಂದಿದ್ದರೆ ಅದಕ್ಕೆ ಹೆಚ್ಚು ತೂಕವಿಲ್ಲ. ಪ್ರಯೋಗದ ವಿಧಾನದ ಭಾಗದಲ್ಲಿ ಬಂದಿದ್ದು, ಬೇರೆ ದೇಶದ ಪ್ರಯೋಗಾಲಯದವರು ಇವರ ವಿಧಾನವನ್ನೇ ಅನುಸರಿಸಿದ್ದಾರೆ ಅಥವಾ ತಮ್ಮ ಫಲಿತಾಂಶವನ್ನು ಇವರದರೊಂದಿಗೆ ಹೋಲಿಸಿ ವಾದಿಸಿದ್ದಾರೆ ಎಂದಾದರೆ, ಅಂಥ ಐದು ಉಲ್ಲೇಖಗಳು ನನ್ನ ದೃಷ್ಟಿಯಲ್ಲಿ ಗೊಂಚಲಿನ ಐವತ್ತಕ್ಕಿಂತ ಹೆಚ್ಚು. ಈ ಪರಿಶೀಲನೆಗೆ ಒಂದು ಸಂಜೆ ಸಾಕು, ಮುಂದಿನ ನಾಲ್ಕೈದು ವರ್ಷಗಳನ್ನು ಒಬ್ಬರ ಕೈಗೆ ಒಪ್ಪಿಸುವ ವಿದ್ಯಾರ್ಥಿ ಅಷ್ಟು ಸಮಯವನ್ನು ಕೊಡಲೇಬೇಕು.

ಸಮಿತಿಗಳಲ್ಲಿ ಕೂರುವವರಿಗೆ ಇದೇ ಪುಟವನ್ನು ನಾನು ಅರ್ಧ ಮನಸ್ಸಿನಿಂದ ಮಾತ್ರ ಶಿಫಾರಸು ಮಾಡುತ್ತೇನೆ. ಅಭ್ಯರ್ಥಿಯ ಪಟ್ಟಿ ಪೂರ್ಣವಾಗಿದೆಯೇ ಎಂದು ತಾಳೆ ನೋಡಲು ಅದು ಚೆನ್ನಾಗಿ ಒದಗುತ್ತದೆ. ಜವಳಿಯವರನ್ನು ಜೈವಿಕ ವಸ್ತುಗಳವರ ಜೊತೆ ಹೋಲಿಸಬೇಕಾಗಿ ಬಂದರೆ ಅಂಕಿಗಳ ಕೋಷ್ಟಕವನ್ನು ಬದಿಗಿಟ್ಟು, ಅಭ್ಯರ್ಥಿಗಳೇ ತಮ್ಮ ಅತ್ಯುತ್ತಮವೆಂದು ಆರಿಸಿಕೊಟ್ಟ ಮೂರು ಪ್ರಬಂಧಗಳನ್ನು ತಜ್ಞರು ಓದುವುದು ನ್ಯಾಯವಾದ ಕ್ರಮ. ಉದ್ಯಮಕ್ಕೆ ಕೊಟ್ಟ ತಂತ್ರಜ್ಞಾನ, ಪೇಟೆಂಟ್, ರೀಲರ್‌ಗಳಿಗೆ ನಡೆಸಿದ ತರಬೇತಿ ಇವನ್ನು ಬೇರೆ ಹಾಳೆಯಲ್ಲಿ ಕೇಳಿ ಪಡೆಯಬೇಕು. ಅರ್ಜಿಯಲ್ಲಿ ಉಲ್ಲೇಖ ಸಂಖ್ಯೆಯನ್ನು ಬರೆಯುವಂತೆ ಕೇಳಲೇಬೇಕಾದರೆ, ಅದು ಯಾವ ಸೇವೆಯಿಂದ, ಯಾವ ದಿನಾಂಕದಂದು ತೆಗೆದದ್ದು ಎಂಬುದನ್ನೂ ನಮೂದಿಸಲು ಹೇಳಬೇಕು. ವ್ಯಾಪ್ತಿ ದೊಡ್ಡದಿರುವುದರಿಂದ ಸ್ಕಾಲರ್‌ನ ಎಚ್-ಇಂಡೆಕ್ಸ್ ಸ್ಕೋಪಸ್‌ನದಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಒಬ್ಬರು ಅದನ್ನೂ ಇನ್ನೊಬ್ಬರು ಇದನ್ನೂ ಬರೆದು ಕೊಟ್ಟಾಗ ಆ ಎರಡು ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಇಡಲು ಬರುವುದಿಲ್ಲ.